ಊಟದ ನಂತರದ ತಾಸು, ಹಿಂದಿನ ಬೆಂಚು: ಪಿಯು, ಐಟಿಐ ವರ್ಗದ ಗದ್ದಲ ಹತೋಟಿಗೆ ತರೂದು ಹೆಂಗ?

ಹೊಸ ಹಾಜರಿಪುಸ್ತಕ (ಹಾವೇರಿ ಜಿಲ್ಲೆ, ಪಿಯು ಇತಿಹಾಸ)

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯು ಕಲಾ ವಿಭಾಗ, ಹಾಜರಿಯಲ್ಲಿ 74 ಹೆಸರು, ಊಟದ ನಂತರದ ಮೊದಲ ತಾಸು. ಹಿಂದಿನ ಮೂರು ಬೆಂಚಿನಿಂದ ಮಾತು, ಸೀಟಿ, ಬೆಂಚಿನ ಕೆಳಗೆ ಮೊಬೈಲ್. ಎಬ್ಬಿಸಿ ನಿಲ್ಲಿಸಿದರೆ ಇಡೀ ವರ್ಗ ನಗುತ್ತದೆ. ಹೊರಗೆ ಕಳಿಸಿದರೆ ಖುಷಿಯಿಂದಲೇ ಹೋಗುತ್ತಾರೆ. ಕೂಗಿದರೆ ಎರಡು ನಿಮಿಷ ಶಾಂತ, ಮತ್ತೆ ಅದೇ. ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕರು ಮೊದಲು ಏನು ಬದಲಿಸಬೇಕು? ಉಪದೇಶ ಬೇಡ್ರಿ, ಸೋಮವಾರದಿಂದ ಮಾಡಬಹುದಾದದ್ದು ಹೇಳ್ರಿ.

ಲೇತ್ ಮಾಸ್ತರ (ಗದಗ, ಐಟಿಐ)

ಸೋಮವಾರದಿಂದ ಏನೂ ಬದಲಿಸಬ್ಯಾಡ್ರಿ. ಐದು ದಿನ ಬರೀರಿ ಅಷ್ಟ. "ಗದ್ದಲ ಮಾಡಿದ್ರು" ಅಂತ ಬರದ್ರ ಉಪಯೋಗಿಲ್ಲ. ಒಂದು ಹಾಳಿ ಮ್ಯಾಲ ನಾಲ್ಕು ಕಾಲಂ ಹಾಕ್ರಿ: ಎಷ್ಟು ಹೊತ್ತಿಗೆ, ಅದಕ್ಕ ಮೊದಲ ವರ್ಗದಾಗ ಏನ್ ನಡೆದಿತ್ತು, ಹುಡುಗ ಏನ್ ಮಾಡಿದ, ಮಾಡಿದ ಮ್ಯಾಲ ಅವಗ ಏನ್ ಸಿಕ್ತು.

ಕಡೀ ಕಾಲಂ ಭಾಳ ಮುಖ್ಯ. ಸೀಟಿ ಊದಿದ, ವರ್ಗ ನಕ್ತು, ನೀವು ಪಾಠ ನಿಲ್ಲಿಸಿದ್ರಿ ಅಂದ್ರ ಅವಗ ಸಿಕ್ಕಿದ್ದು ನೋಡೂ ಮಂದಿ. ಮಾತಾಡಿದ, ಹೊರಗ ಕಳಿಸಿದ್ರಿ ಅಂದ್ರ ಅವಗ ಸಿಕ್ಕಿದ್ದು ಬಿಡುಗಡಿ. ಎರಡಕ್ಕೂ ಔಷಧ ಬ್ಯಾರೆ. ನೋಡೂ ಮಂದಿ ಬೇಕಾದವನ್ನ ಎಬ್ಬಿಸಿ ನಿಂದ್ರಿಸಿದ್ರ ನೀವ ಅವಗ ಸ್ಟೇಜ್ ಕಟ್ಟಿ ಕೊಟ್ಟಂಗ. ಬಿಡುಗಡಿ ಬೇಕಾದವನ್ನ ಹೊರಗ ಕಳಿಸಿದ್ರ ಕೇಳಿದ್ದ ಕೊಟ್ಟಂಗ. ನೀವು ಬರದಿದ್ದು ನೋಡಿದ್ರ ನಿಮ್ಮ ವರ್ಗದಾಗ ಎರಡೂ ಜಾತಿ ಅದಾರ.

ಎರಡನೇ ಕಾಲಂನಾಗ ಒಂದ ಮಾತು ಪದೇ ಪದೇ ಬರ್ತದ, ನೋಡ್ತಿರ್ರಿ: "ನೋಟ್ಸ್ ಹೇಳಿ ಬರಸೂವಾಗ", "ಬೋರ್ಡಿಗೆ ಬೆನ್ನು ತಿರುಗಿಸಿದಾಗ", "ಹಾಜರಿ ಕರೆಯೂವಾಗ". ಅಂದ್ರ ಹುಡುಗೂರಿಗೆ ಕೈಯಾಗ ಕೆಲಸಿಲ್ಲದ ಹೊತ್ತು. ಮೊದಲ ಆ ಹೊತ್ತು ಮುಚ್ಚಬೇಕು, ಹುಡುಗನ ಕಡೆ ಆಮ್ಯಾಲ ಬರೂನು.

ಸೀಮೆಸುಣ್ಣ (ಹುಬ್ಬಳ್ಳಿ, ಪಿಯು ಭೌತಶಾಸ್ತ್ರ)

ಲೇತ್ ಮಾಸ್ತರ ಹೇಳಿದ್ದಕ್ಕೆ ಲೆಕ್ಕ ಸೇರಿಸ್ತೀನಿ. 74 ಹೆಸರು, ಹೆಸರಿಗೆ 3 ಸೆಕೆಂಡ್ ಅಂದರೂ ಹಾಜರಿಗೆ ನಾಲ್ಕು ನಿಮಿಷದ ಹತ್ತಿರ. ಊಟ ಮಾಡಿ ಬಂದ ಹುಡುಗರಿಗೆ ಮೊದಲ ನಾಲ್ಕು ನಿಮಿಷ ಖಾಲಿ ಬಿಟ್ಟರೆ ಉಳಿದ ತಾಸು ಹಿಡಿಯುವುದು ಕಷ್ಟ. ಮಾಡಬೇಕಾದ್ದು ಹೀಗೆ.

ಹುಡುಗರು ಒಳಗೆ ಕಾಲಿಡುವ ಮೊದಲೇ, ಅಂದರೆ ಊಟದ ವಿರಾಮದ ಕೊನೆಯ ಎರಡು ನಿಮಿಷದಲ್ಲಿ, ಬೋರ್ಡಿನ ಎಡ ಮೂಲೆಯಲ್ಲಿ ಎರಡು ಪ್ರಶ್ನೆ ಬರೆದಿರಬೇಕು. ಒಂದು ನಿನ್ನೆಯ ಪಾಠದ್ದು, ಒಂದೇ ಸಾಲಿನ ಉತ್ತರ. ಇನ್ನೊಂದು ಯಾರು ಬೇಕಾದರೂ ಬರೆಯಬಹುದಾದದ್ದು, ನಕಾಶೆಯಲ್ಲಿ ಊರು ಗುರುತಿಸುವಂಥದ್ದು. ಇತಿಹಾಸಕ್ಕೆ ನಿಮಗೆ ದೂರ ಹೋಗಬೇಕಾಗಿಲ್ಲ: ಲಕ್ಕುಂಡಿ, ಬಂಕಾಪುರ, ನರಗುಂದ ಎಲ್ಲ ಹುಡುಗರು ದಿನಾ ಬಸ್ಸಿನ ಬೋರ್ಡಿನಲ್ಲಿ ನೋಡುವ ಹೆಸರು. ಅವರು ಬರೆಯುವಾಗ ನೀವು ಸೀಟಿನ ನಕ್ಷೆ ಹಿಡಿದು ಖಾಲಿ ಜಾಗ ಮಾತ್ರ ಗುರುತು ಹಾಕಿಕೊಳ್ಳಿ. ಹಾಜರಿ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಮತ್ತೆ ನೀವು ನಿಂತಿರುವುದು ವೇದಿಕೆ ಮೇಲಲ್ಲ, ಮೂರನೇ ಬೆಂಚಿನ ಪಕ್ಕ.

ಸೀಟಿನ ನಕ್ಷೆ ಇಲ್ಲದೆ ಇದು ಆಗದು. ಒಂದು ಹಾಳೆಯಲ್ಲಿ ಬೆಂಚು ಗೆರೆ ಎಳೆದು, ಹಾಜರಿ ಸಂಖ್ಯೆ ಹಾಕಿ, ಹದಿನೈದು ದಿನಕ್ಕೊಮ್ಮೆ ಇಡೀ ಸಾಲು ಹಿಂದಿನಿಂದ ಮುಂದಕ್ಕೆ ತಿರುಗಿಸಬೇಕು. ಇಲ್ಲಿ ಸಾಮಾನ್ಯವಾಗಿ ಕೆಡುವ ಜಾಗ ಎರಡು. ಗದ್ದಲ ಮಾಡುವ ಆರು ಹುಡುಗರನ್ನು ಮಾತ್ರ ಎಬ್ಬಿಸಿ ಮುಂದೆ ಕೂರಿಸುವುದು: ಅದು ಶಿಕ್ಷೆ ಅಂತ ಎಲ್ಲರಿಗೂ ತಿಳಿಯುತ್ತದೆ, ಆ ಆರು ಜನ ಒಂದು ಪಕ್ಷವಾಗುತ್ತಾರೆ. ಇನ್ನೊಂದು, "ಹುಡುಗ್ಯಾರ ಪಕ್ಕ ಕುಂದ್ರಸ್ತೀನಿ" ಅಂತ ಹೆದರಿಸುವುದು. ಅದರಿಂದ ನಾಚಿಕೆ ಆಗುವುದು ಹುಡುಗಿಗೆ. ದಯವಿಟ್ಟು ಬಿಡಿ.

ಹೊರಗೆ ಕಳಿಸುವುದನ್ನೂ ನಿಲ್ಲಿಸಿ. ಹೊರಗೆ ಹೋದವನು ಕಾರಿಡಾರಿನಲ್ಲಿ ನಿಂತು ಪಕ್ಕದ ವರ್ಗ ಕೆಡಿಸುತ್ತಾನೆ. ಇಲ್ಲ ಬಸ್ ನಿಲ್ದಾಣಕ್ಕೆ ಹೋಗುತ್ತಾನೆ, ಅಲ್ಲಿ ಏನಾದರೂ ಆದರೆ ಆ ಹೊತ್ತಿಗೆ ಜವಾಬ್ದಾರಿ ನಿಮ್ಮದೇ.

ನಿವೃತ್ತ ಬೆತ್ತ (ಧಾರವಾಡ)

ಇಷ್ಟೆಲ್ಲಾ ಹಾಳಿ, ನಕ್ಷೆ, ಕಾಲಂ ಯಾಕ್ರಿ? ಛಡಿ ಕೈ ಬಿಟ್ಟ ದಿನಾನ ಹುಡುಗೂರು ಕೆಟ್ರು. ಒಂದ ಸಲ ಕಪಾಳಕ್ಕ ಬಿದ್ರ ವರ್ಷಪೂರ್ತಿ ಸುಮ್ಮನ ಕುಂದರ್ತಿದ್ರು.

ಕಲಂ ಹತ್ತೊಂಬತ್ತು (ಧಾರವಾಡ)

ಸರ್, ನಿಮ್ಮ ಅನುಭವದ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಹೊಸಬರು ಇದನ್ನು ಓದಿ ಕೈ ಎತ್ತಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ, ಆದರೆ ಆ ಕಾಯ್ದೆ 6ರಿಂದ 14 ವರ್ಷದವರಿಗೆ. ಪಿಯು ಹುಡುಗರಿಗೆ ಅದು ಅನ್ವಯಿಸುವುದಿಲ್ಲ ಎಂದು ಕೆಲವರು ಧೈರ್ಯವಾಗಿರುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ 18 ತುಂಬದ ಎಲ್ಲರಿಗೂ ಅನ್ವಯಿಸುತ್ತದೆ: ತನ್ನ ಸುಪರ್ದಿಯಲ್ಲಿರುವ ಮಗುವಿಗೆ ಹೊಡೆದು, ಬೈದು ಅನಗತ್ಯ ಯಾತನೆ ಕೊಟ್ಟವರು ಜೈಲಿಗೂ ಹೋಗಬಹುದು. 18 ದಾಟಿದವನಾದರೆ ಅದು ನೇರ ಹಲ್ಲೆ ಪ್ರಕರಣ. ಜಾತಿ ಹಿಡಿದು ಆಡಿದರೆ, "ಸ್ಕಾಲರ್‌ಶಿಪ್ಪಿಗೆ ಬಂದಾವ" ಅನ್ನುವಂಥ ಮಾತು ಸೇರಿ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಯ ತನಕ ಹೋಗಬಹುದು.

ಕಾನೂನು ಬದಿಗಿಡಿ. ಛಡಿಯಿಂದ ಶಾಂತವಾಗುವುದು ಛಡಿ ಹಿಡಿದವರ ತಾಸು ಮಾತ್ರ. ಆ ಸಿಟ್ಟು ಮುಂದಿನ ತಾಸಿನ ಅತಿಥಿ ಉಪನ್ಯಾಸಕರ ಮೇಲೆ ಬರುತ್ತದೆ. ಈ ಪ್ರಶ್ನೆ ಕೇಳಿದವರು ಅಂಥ ತಾಸಿನಲ್ಲೇ ಇರಬಹುದು.

ನಿವೃತ್ತ ಬೆತ್ತ

ಮುಂದಿನ ತಾಸಿನ ಮಾತು ಒಪ್ಪಿದೆ. ಆದ್ರ ಮೂರು ಸಲ ಹೇಳಿದ ಮ್ಯಾಲೂ ಕೇಳದಿದ್ರ ಏನ್ ಮಾಡೂದು, ಅದನ್ನ ಯಾರೂ ಹೇಳವಲ್ರಿ.

ಸೀಮೆಸುಣ್ಣ

ಸರಿಯಾದ ಪ್ರಶ್ನೆ. ಮೂರು ಸಲ ಹೇಳುವುದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಮೂರು ಸಲ ಅಂದರೆ ಮೊದಲ ಎರಡು ಸಲ ಕೇಳಬೇಕಾಗಿಲ್ಲ ಅಂತ ಕಲಿಸಿದಂತೆ. ಕ್ರಮ ಹೀಗಿರಲಿ.

ಮೊದಲು ಮಾತಿಲ್ಲ. ಪಾಠ ನಿಲ್ಲಿಸದೆ ನಡೆಯುತ್ತಾ ಹೋಗಿ ಅವನ ಬೆಂಚಿನ ಹತ್ತಿರ ನಿಂತು ಅಲ್ಲಿಂದಲೇ ಪಾಠ ಮುಂದುವರಿಸಿ. ಬೆರಳಿಂದ ಪುಸ್ತಕದ ಸಾಲು ತೋರಿಸಿ ಸಾಕು. ಅರ್ಧಕ್ಕಿಂತ ಹೆಚ್ಚು ಗದ್ದಲ ಇಲ್ಲಿಗೇ ನಿಲ್ಲುತ್ತದೆ.

ನಿಲ್ಲದಿದ್ದರೆ ಒಂದೇ ಸಲ, ಸಣ್ಣ ದನಿಯಲ್ಲಿ, ಹೆಸರು ಹಿಡಿದು, ಏನು ಮಾಡಬಾರದು ಅನ್ನದೆ ಏನು ಮಾಡಬೇಕು ಅಂತ ಹೇಳಿ: "ಪುಟ 42 ತೆಗೆ, ಎರಡನೇ ಪ್ಯಾರಾ ಬರಿ." ಹೇಳಿದ ತಕ್ಷಣ ಅಲ್ಲಿಂದ ಸರಿದುಬಿಡಿ. ಎದುರಿಗೆ ನಿಂತು ಕಾಯಬೇಡಿ. ಹದಿನೇಳು ವರ್ಷದ ಹುಡುಗನಿಗೆ ಗೆಳೆಯರ ಮುಂದೆ ಸೋತಂತೆ ಕಾಣದೆ ಪುಸ್ತಕ ತೆಗೆಯಲು ಹತ್ತು ಇಪ್ಪತ್ತು ಸೆಕೆಂಡ್ ಬೇಕು. ಅಷ್ಟು ಕೊಡಿ. ಗೊಣಗುತ್ತಾ ತೆಗೆದರೆ ಗೊಣಗಾಟ ಕೇಳಿಸಿಕೊಳ್ಳಬೇಡಿ, ತೆಗೆದನಲ್ಲ.

ಅದಕ್ಕೂ ಬಗ್ಗದಿದ್ದರೆ "ತಾಸು ಮುಗಿದ ಮ್ಯಾಲ ಎರಡು ನಿಮಿಷ ನಿಲ್ಲು" ಅಂತ ಹೇಳಿ ಪಾಠಕ್ಕೆ ಹೋಗಿ. ಮುಗಿದ ಮೇಲೆ ಮರೆಯದೆ ನಿಲ್ಲಿಸಿ. ಆ ಎರಡು ನಿಮಿಷದಲ್ಲಿ ಏನಾಯಿತು, ನಾಳೆ ಎಲ್ಲಿ ಕೂರುತ್ತೀಯ, ಇವೆರಡೇ ಮಾತು. ಮೂರನೇ ದಿನವೂ ಅದೇ ಆದರೆ ಮಾತ್ರ ಬರಹ: ದಿನಾಂಕ, ಏನು ಮಾಡಿದ, ನೀವು ಏನು ಮಾಡಿದಿರಿ. ಅದರ ಒಂದು ಪ್ರತಿ ಪ್ರಾಚಾರ್ಯರಿಗೆ. "ಭಾಳ ಉಡಾಳ ಅದಾನ್ರಿ" ಅಂತ ಬಾಯಿಂದ ಹೇಳಿದರೆ ಪ್ರಾಚಾರ್ಯರು "ನೀವ ನೋಡಿಕೊಳ್ರಿ" ಅನ್ನುತ್ತಾರೆ. ಮೂರು ದಿನಾಂಕ ಇರುವ ಹಾಳೆ ಕೊಟ್ಟರೆ ಹಾಗೆ ಅನ್ನುವುದು ಕಷ್ಟ.

ಇಡೀ ವರ್ಗಕ್ಕೆ ಶಿಕ್ಷೆ ಮಾತ್ರ ಯಾವತ್ತೂ ಬೇಡ. ಸೀಟಿ ಊದಿದವನು ಒಬ್ಬ, ನಿಲ್ಲಿಸಿದ್ದು 60 ಮಂದಿಯನ್ನ. ಆಮೇಲೆ ಯಾರೂ ನಿಮ್ಮ ಕಡೆ ಇರುವುದಿಲ್ಲ. ಯಾರು ಊದಿದರು ಗೊತ್ತಾಗದಿದ್ದರೆ ಪತ್ತೇದಾರಿಕೆ ಮಾಡದೆ ಬೋರ್ಡಿನಲ್ಲಿ ಬರೆಯುವ ಕೆಲಸ ಕೊಟ್ಟು ಆ ಮೂಲೆಗೆ ಹೋಗಿ ನಿಲ್ಲಿ. ಬಾಯಿಗೆ ಬೆರಳು ಹೋಗುವುದು ನಿಮ್ಮ ಬೆನ್ನು ಕಂಡಾಗ ಮಾತ್ರ.

ಟ್ಯಾಲಿ ಮೇಡಂ (ಹಾವೇರಿ, ವಾಣಿಜ್ಯ)

ಮೊಬೈಲ್ ವಿಷಯ ಯಾರೂ ಎತ್ತಲಿಲ್ಲ. ಕಸಿದುಕೊಳ್ಳುವುದು ಸುಲಭ, ಇಟ್ಟುಕೊಳ್ಳುವುದು ತಲೆನೋವು. ಪರದೆ ಒಡೆದಿತ್ತು, ಒಡೆದಿರಲಿಲ್ಲ ಅನ್ನುವ ಜಗಳ ಶುರುವಾಗುತ್ತದೆ.

ಬಟ್ಟೆಯ ಜೇಬಿನ ಹಲಗೆ ಹೊಲಿಸಿ ಗೋಡೆಗೆ ನೇತುಹಾಕುವುದು ಚಲೋ, ಆದರೆ 30-40 ಮಂದಿಯ ವರ್ಗಕ್ಕೆ. 74 ಜನಕ್ಕೆ ಇಡಲು ಐದು ನಿಮಿಷ, ತೆಗೆಯಲು ಇನ್ನೂ ಹೆಚ್ಚು, ನೂಕುನುಗ್ಗಲು ಬೇರೆ. ಹಳೇ ಕೆಟ್ಟ ಮೊಬೈಲ್ ಜೇಬಿನಲ್ಲಿಟ್ಟು ಹೊಸದನ್ನು ಚೀಲದಲ್ಲಿಟ್ಟುಕೊಳ್ಳುವ ಜಾಣರೂ ಇರುತ್ತಾರೆ. ದೊಡ್ಡ ವರ್ಗಕ್ಕೆ ಸರಿಹೋಗುವುದು: ಮೊಬೈಲ್ ಬಂದ್ ಮಾಡಿ ಚೀಲದೊಳಗೆ, ಚೀಲ ಬೆಂಚಿನ ಕೆಳಗಲ್ಲ, ಬೆಂಚಿನ ಪಕ್ಕದ ಹಾದಿಯಲ್ಲಿ. ಕೈಯಲ್ಲಿ ಕಂಡರೆ ತಾಸು ಮುಗಿಯುವವರೆಗೆ ನಿಮ್ಮ ಮೇಜಿನ ಮೇಲೆ, ಅವನೇ ಬಂದಿಟ್ಟು ಅವನೇ ತಗೊಂಡು ಹೋಗಲಿ. ನೀವು ಮುಟ್ಟಬೇಡಿ. ಎರಡನೇ ಸಲ ಆದರೆ ಕಚೇರಿಯಲ್ಲಿ ರಸೀದಿ ಬರೆದು ಇಡಿ: ಮಾಡೆಲ್, ಪರದೆಯ ಸ್ಥಿತಿ, ಹುಡುಗನ ಸಹಿ, ಸಂಜೆ ವಾಪಸ್. ಮೂರು ದಿನ, ತಿಂಗಳು ಅಂತ ಇಟ್ಟುಕೊಂಡರೆ ಊರಿಗೆ ಹೋಗುವ ಹುಡುಗಿ ಬಸ್ ತಪ್ಪಿದಾಗ ಮನೆಗೆ ಹೇಳಲು ದಾರಿ ಇರುವುದಿಲ್ಲ. ಗ್ಯಾಲರಿ ತೆರೆದು ನೋಡುವುದಂತೂ ಬೇಡವೇ ಬೇಡ.

ಐಟಿಐಯವರಿಗೆ ಬೇರೆ ನಿಯಮ ಬೇಕು. ಭಾರತ್ ಸ್ಕಿಲ್ಸ್ ತಾಣದ ಪ್ರಶ್ನೆಗಳನ್ನು ಮೊಬೈಲಿನಲ್ಲೇ ಬಿಡಿಸುತ್ತಾರೆ. ಅಲ್ಲಿ ಪೂರ್ತಿ ನಿಷೇಧ ಹೇಳಿ ಮರುದಿನ "ಮೊಬೈಲ್ ತೆಗೀರಿ" ಅಂದರೆ ನಿಯಮದ ಬೆಲೆ ಹೋಗುತ್ತದೆ. ಬಳಸದ ಹೊತ್ತಲ್ಲಿ ಪರದೆ ಕೆಳಗೆ ಮಾಡಿ ಬೆಂಚಿನ ಮೇಲೆ, ಎಲ್ಲರಿಗೂ ಕಾಣುವಂತೆ.

ಕಲಂ ಹತ್ತೊಂಬತ್ತು

ಒಂದು ಗೆರೆ ಇಲ್ಲಿ ಎಳೆಯಲೇಬೇಕು. ಹುಡುಗಿಯ ಫೋಟೋ ಅವಳಿಗೆ ತಿಳಿಯದೆ ತೆಗೆದದ್ದು, ಹಂಚಿದ್ದು, ಹಿಂಬಾಲಿಸಿದ್ದು, ಮೈ ಮುಟ್ಟಿದ್ದು, ಇವು "ವರ್ಗದ ಶಿಸ್ತು" ಅಲ್ಲ. ಕ್ಷಮೆ ಕೇಳಿಸಿ ಮುಗಿಸುವ ಅಧಿಕಾರ ನಮಗಿಲ್ಲ. 18 ತುಂಬದ ಹುಡುಗ, ಹುಡುಗಿಯ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಕಲಂನಲ್ಲಿ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098. ಪ್ರಾಚಾರ್ಯರಿಗೆ ಅದೇ ದಿನ ಲಿಖಿತವಾಗಿ ಕೊಡಿ, ಹುಡುಗಿಯ ಹೆಸರು ಸ್ಟಾಫ್ ರೂಮಿನಲ್ಲಿ ಹರಡದಂತೆ ನೋಡಿ. "ಇಬ್ಬರ ಮನೆಯವರನ್ನೂ ಕರೆಸಿ ಕುಂದರ್ಸಿ ಮಾತಾಡ್ಸೂಣು" ಅನ್ನುವ ಹಿರಿಯರು ಪ್ರತಿ ಸ್ಟಾಫ್ ರೂಮಿನಲ್ಲೂ ಇರುತ್ತಾರೆ.

ಆರ್ಕ್ ನೀಲಿ (ಹುಬ್ಬಳ್ಳಿ, ವೆಲ್ಡರ್ ಟ್ರೇಡ್)

ಸೀಮೆಸುಣ್ಣ ಸರ್ ಹೇಳಿದ ಕ್ರಮ ವರ್ಗಕೋಣೆಗೆ ಸರಿ. ವರ್ಕ್‌ಶಾಪಿನ್ಯಾಗ ಅದನ್ನ ಹಾಕಬ್ಯಾಡ್ರಿ. ಮಷಿನ್ ಚಾಲೂ ಇದ್ದಾಗ "ಹತ್ರ ಹೋಗಿ ನಿಲ್ಲು, ಇಪ್ಪತ್ತು ಸೆಕೆಂಡ್ ಕೊಡು" ನಡೆಯಂಗಿಲ್ಲ.

ವೆಲ್ಡಿಂಗ್ ಬೂತಿನ್ಯಾಗ ಸಾಮಾನ್ಯ ಕಿತಾಪತಿ ಅಂದ್ರ ಕನ್ನಡಕ ಹಾಕದವನ ಮುಂದ ಬೇಕಂತ ಆರ್ಕ್ (ವೆಲ್ಡಿಂಗ್‌ನ ಕಣ್ಣು ಕೋರೈಸೂ ಬೆಳಕು) ಹೊಡಿಯೂದು. ಆವಾಗ ಇಬ್ಬರೂ ನಗ್ತಾರ, ಯಾಕಂದ್ರ ತಕ್ಷಣ ಏನೂ ನೋವಾಗಂಗಿಲ್ಲ. ಆರರಿಂದ ಹನ್ನೆರಡು ತಾಸು ಬಿಟ್ಟು, ರಾತ್ರಿ ಮಲಗಿದ ಮ್ಯಾಲ, ಕಣ್ಣಾಗ ಉಸುಕು ಹಾಕಿದಂಗ ಉರಿ, ನೀರು. ಮಾಡಿದವನಿಗೆ ತಾ ಮಾಡಿದ್ದು ಕಾಣಂಗಿಲ್ಲ, ಅದಕ್ಕ ಮತ್ತ ಮಾಡ್ತಾನ. ಬರೇ ಬೈದ್ರ ತಿಳಿಯಂಗಿಲ್ಲ, ಈ ತಡವಾಗಿ ಬರೂ ಉರಿ ಮೊದಲನೇ ವಾರದ ಸುರಕ್ಷತಾ ಪಾಠದಾಗ ಬಿಡಿಸಿ ಹೇಳಬೇಕು. ಬೂತಿನ ಪರದೆ ಹರಿದಿದ್ರ ಅದನ್ನ ಮೊದಲ ಹೊಲಿಸ್ರಿ.

ಗಾಳಿ ಪೈಪು ಇನ್ನೊಂದು. ಬಟ್ಟೆ ಧೂಳು ಹಾರಸೂದು, ದೋಸ್ತನ ಮೈಗೆ ಹಿಡಿಯೂದು. ಒತ್ತಡದ ಗಾಳಿ ಮೈಯಾಗ ಹೊಕ್ಕು ಜೀವ ಹೋಗಬಹುದು. ಇಲ್ಲಿ ಎಚ್ಚರಿಕಿ, ಎರಡನೇ ಅವಕಾಶ ಏನಿಲ್ಲ: ವಾಲ್ವ್ ಬಂದ್, ಆ ಹುಡುಗ ಆ ನಿಮಿಷಕ್ಕ ಮಷಿನ್ ಬಿಟ್ಟು ಬೆಂಚಿಗೆ, ಆ ದಿನ ಮತ್ತ ಮಷಿನ್ ಇಲ್ಲ. ಮರುದಿನ ಸುರಕ್ಷತಾ ಪ್ರಶ್ನಿ ಹತ್ತಕ್ಕ ಹತ್ತೂ ಬರದ ಮ್ಯಾಲ ವಾಪಸ್. ಮನಿಗೆ ಕಳಸಬ್ಯಾಡ್ರಿ. ಬೆಂಚ್ ಮ್ಯಾಲ ಕೆಲಸ ಮಾಡಿಕೋತ ದೋಸ್ತರು ಮಷಿನ್ ಮ್ಯಾಲ ಇರೂದು ನೋಡೂದ ದೊಡ್ಡ ಶಿಕ್ಷಾ.

ಲೇತ್ ಮಾಸ್ತರ

ಒಪ್ಪಿದೆ. ಲೇತ್‌ನ (ಲೋಹ ತಿರುಗಿಸಿ ಕೆತ್ತೂ ಮಷಿನ್) ಚಕ್‌ನಾಗ, ಅಂದ್ರ ತುಣುಕು ಹಿಡಿಯೂ ಬಾಯಾಗ, ಕೀ ಬಿಟ್ಟು ಮಷಿನ್ ಚಾಲೂ ಮಾಡೂದು, ಗ್ರೈಂಡರ್ ಮುಂದ ನೂಕಾಟ, ಹಿಡಿಕಿ ಇಲ್ಲದ ಅರ ಎಸದಾಡೂದು ಇದ ಸಾಲಿಗೆ ಸೇರಿಸ್ರಿ. ಗ್ರೈಂಡರಿನ ಟೂಲ್ ರೆಸ್ಟ್ (ತುಣುಕು ಊರಿ ಹಿಡಿಯೂ ಪಟ್ಟಿ) ಮತ್ತು ಚಕ್ರದ ನಡುವಿನ ಸಂದಿ 3 ಮಿಲಿಮೀಟರ್ ದಾಟಿದ್ರ ತುಣುಕು ಒಳಗ ಎಳಕೊಂತದ. ನೂಕಾಟದ ಜೋಡಿ ಅದೂ ಇದ್ರ ಬೆರಳು ಹೋದಂಗ. ಸುತ್ತ ಒಂದು ಮೀಟರ್ ಹಳದಿ ಗೆರಿ, ಗೆರಿಯೊಳಗ ಒಬ್ಬನ.

ಆದ್ರ ವರ್ಕ್‌ಶಾಪಿನ ನಿಜವಾದ ರೋಗ ಪಾಳಿ. ಯೂನಿಟ್ಟಿಗೆ 20 ಮಂದಿ, ಚಾಲೂ ಇರೂ ಲೇತ್ ನಾಕು. ನಾಕು ಮಂದಿ ಕೆಲಸ ಮಾಡ್ತಾರ, ಹದಿನಾರು ಮಂದಿ ನಿಂತು ನೋಡ್ತಾರ. ಆ ಹದಿನಾರು ಮಂದಿ ಗದ್ದಲ ಮಾಡದ ಇದ್ರ ನಾವ ಡಾಕ್ಟರ್‌ನ ಕರೀಬೇಕು. ಹಂಚಿಕಿ ಹಿಂಗ ಮಾಡ್ರಿ: ಲೇತ್ ಮ್ಯಾಲ 4, ಅವರ ಜೋಡಿ ಅಳತಿ ತಗೊಂಡು ಬರಕೊಳ್ಳೂ ಜೊತಿಗಾರರು 4, ಬೆಂಚ್ ಫೈಲಿಂಗ್ (ಅರದಿಂದ ಉಜ್ಜೂದು) 6, ಮಾರ್ಕಿಂಗ್ ಮತ್ತು ಡ್ರಿಲ್ 4, ಡ್ರಾಯಿಂಗ್ ಮತ್ತು ಜಾಬ್ ಡೈರಿ 2. ಇಪ್ಪತ್ತಾತು. 45 ನಿಮಿಷಕ್ಕ ಗಂಟಿ, ಎಲ್ಲಾರೂ ಒಂದ ಸಲಕ್ಕ ಬದಲಿ. ಪಾಳಿ ಚೀಟಿ ಗ್ವಾಡಿಗೆ ಹಚ್ಚಿರಬೇಕು, ನಿಮ್ಮ ತಲಿಯಾಗ ಅಲ್ಲ. ತಲಿಯಾಗಿದ್ರ "ಸರ್, ನನ್ನ ಪಾಳಿ ಯಾವಾಗ" ಅಂತ ಕೇಳ್ಕೋತ ಬರೂ ಮಂದಿನ ಅರ್ಧ ಗದ್ದಲ.

ಫೈಲಿಂಗ್ ಮ್ಯಾಲ ಎರಡೆರಡು ತಾಸು ಬಿಟ್ರ ಕೈ ಸೋತು ಬಾಯಿ ಚಾಲೂ ಆಗ್ತದ. "ಇವತ್ತು ಫೈಲಿಂಗ್" ಅನ್ನಬ್ಯಾಡ್ರಿ, "ಈ 45 ನಿಮಿಷದಾಗ ಒಂದು ಮುಖ ಸಪಾಟ, ಟ್ರೈ ಸ್ಕ್ವೇರ್ (ಮೂಲಿ ನೋಡೂ ಮಟ್ಟ) ಹಚ್ಚಿದ್ರ ಬೆಳಕು ಕಾಣಬಾರದು" ಅನ್ರಿ. ತಾನ ಬೆಳಕಿಗೆ ಹಿಡದು ನೋಡಿಕೊಳ್ಳೂ ಕೆಲಸ ಕೊಟ್ರ ಹುಡುಗ ನಿಮ್ಮನ್ನ ಕಾಯಂಗಿಲ್ಲ.

ಟೂಲ್ಸ್ ಕಳವಿಗೂ ಇದ ಸೂತ್ರ. ಹುಡುಗಗ ಐದು ಹಿತ್ತಾಳಿ ಟೋಕನ್, ಮ್ಯಾಲ ಅವನ ನಂಬರ್. ವರ್ನಿಯರ್ (ಅಳತಿ ಸಾಧನ) ಒಯ್ದ್ರ ಅದನ್ನ ನೇತುಹಾಕಿದ್ದ ಮೊಳೀಗೆ ಟೋಕನ್. ಎಣಿಕಿ ಗಂಟಿ ಹೊಡದ ಮ್ಯಾಲ ಮಾಡಬ್ಯಾಡ್ರಿ, ಬಸ್ಸಿನ ಹುಡುಗೂರು ಓಡಿರ್ತಾರ. 15 ನಿಮಿಷ ಮೊದಲ ಎಣಿಸಿ, ಒಂದು ಕಡಿಮಿ ಬಂದ್ರ ಮೊಳಿ ಮ್ಯಾಲಿನ ಟೋಕನ್ ಯಾರದು ಅಂತ ಹೇಳ್ತದ. ಚೀಲ ತಪಾಸಣಿ, ಕಿಸೆ ತಪಾಸಣಿ ಯಾವದೂ ಬೇಕಾಗಂಗಿಲ್ಲ.

ಮುಂಡರಗಿ ಬಸ್ (ಗದಗ ಜಿಲ್ಲೆ, ಪಿಯು ಕನ್ನಡ)

ಓಡುವ ಬಸ್ಸಿನ ಹುಡುಗರ ಮಾತು ಬಂತಲ್ಲ, ತಡವಾಗಿ ಬರುವವರದೂ ಹೇಳಬೇಕು. ಹತ್ತು ಹದಿನೈದು ಹುಡುಗರು ಬೇರೆ ಬೇರೆ ಹೊತ್ತಿಗೆ ಬಾಗಿಲಲ್ಲಿ "ಮೇ ಐ ಕಮಿನ್" ಅಂದರೆ ಅರ್ಧ ತಾಸು ಹೋಯಿತು. ಹೊರಗೆ ನಿಲ್ಲಿಸಿದರೆ ಹಾಜರಿ ಕಡಿಮೆಯಾಗಿ ಪಿಯು ಪರೀಕ್ಷೆಗೆ ಬೇಕಾದ ಶೇ. 75 ಕೈತಪ್ಪುತ್ತದೆ (ಐಟಿಐಗೆ ಶೇ. 80).

ಜೂನ್ ತಿಂಗಳಲ್ಲೇ ಊರು, ಬಸ್ ಹೊರಡುವ ಹೊತ್ತು, ನಿಲ್ದಾಣದಿಂದ ನಡೆದು ಬರುವ ನಿಮಿಷ ಬರೆಸಿಕೊಂಡು ಮಾರ್ಗವಾರು ಪಟ್ಟಿ ಮಾಡಿ. ಬಸ್ಸಿನಿಂದ ತಡವಾಗುವವರು ಯಾರು, ಚಹಾದ ಅಂಗಡಿಯಿಂದ ತಡವಾಗುವವರು ಯಾರು ಅಂತ ಆ ಪಟ್ಟಿಯೇ ಬೇರ್ಪಡಿಸುತ್ತದೆ: ಒಂದೇ ಬಸ್ಸಿನ ಎಂಟು ಮಂದಿಯಲ್ಲಿ ಏಳು ಜನ ಒಳಗಿದ್ದು ಒಬ್ಬ ಹೊರಗಿದ್ದರೆ ಕೇಳಬಹುದು. ಅದೇ ಪಟ್ಟಿಯನ್ನು ಪ್ರಾಚಾರ್ಯರ ಪತ್ರದ ಜೊತೆ ವಾಯವ್ಯ ಸಾರಿಗೆಯ ಡಿಪೋ ವ್ಯವಸ್ಥಾಪಕರಿಗೆ ಕೊಡಿ. "ನಮ್ಮ ಹುಡುಗರಿಗೆ ಬಸ್ ಇಲ್ಲ" ಅನ್ನುವ ಪತ್ರಕ್ಕೂ "ಈ ಮಾರ್ಗದಲ್ಲಿ ಇಷ್ಟು ಪಾಸ್, ಈ ಹೊತ್ತಿಗೆ" ಅನ್ನುವ ಪತ್ರಕ್ಕೂ ವ್ಯತ್ಯಾಸ ಇದೆ. ವರ್ಗದಲ್ಲಿ ಬಾಗಿಲ ಹತ್ತಿರದ ಎರಡು ಬೆಂಚು ತಡವಾದವರಿಗೆ ಮೀಸಲು, ಕೇಳದೆ ಬಂದು ಕೂರಲಿ, ಎಲ್ಲಿದ್ದೇವೆ ಅಂತ ಬೋರ್ಡಿನ ಮೂಲೆಯಲ್ಲಿ ಒಂದು ಸಾಲು ಇರಲಿ.

ಪಂಚಮಿ, ಶೀಗಿ ಹುಣ್ಣಿಮೆ, ಗಣಪತಿ ವಿಸರ್ಜನೆಯ ಮರುದಿನ ಹೊಸ ಪಾಠ ಇಟ್ಟುಕೊಳ್ಳಬೇಡಿ. ಬ್ಯಾಡಗಿ ಸುತ್ತ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಕೂಲಿಗೆ ಹೋಗಿ ಬಂದವನು ಮಧ್ಯಾಹ್ನ ಮಲಗಿದರೆ ಅದನ್ನು ಉದ್ಧಟತನ ಅಂತ ಬರೆಯಬೇಡಿ.

ಹೊಸ ಹಾಜರಿಪುಸ್ತಕ

ತುಂಬ ಉಪಯೋಗ ಆಗ್ತಿದೆ. ಎರಡು ಪ್ರಶ್ನೆ. ಹಿಂದಿನ ಬೆಂಚಿನ ನಾಯಕನಿಗೇ ವರ್ಗದ ಜವಾಬ್ದಾರಿ ಕೊಡಿ ಅಂತ ಸ್ಟಾಫ್ ರೂಮಿನಲ್ಲಿ ಹೇಳ್ತಾರೆ, ಕೊಡಬಹುದಾ? ಮನೆಯವರಿಗೆ ಫೋನ್ ಮಾಡುವುದು ಹೇಗೆ?

ಲೇತ್ ಮಾಸ್ತರ

ಕೊಡ್ರಿ. ಕೈಯಾಗ ಕೆಲಸ ಬಂದ್ರ ಗದ್ದಲ ಕಡಿಮಿ ಆಗ್ತದ.

ಸೀಮೆಸುಣ್ಣ

ಇಲ್ಲಿ ನನಗೆ ಭಿನ್ನಾಭಿಪ್ರಾಯ. "ಕ್ಲಾಸ್ ಲೀಡರ್" ಮಾಡಿ ಹೆಸರು ಬರೆಯುವ ಅಧಿಕಾರ ಕೊಟ್ಟರೆ ಎರಡು ಆಗುತ್ತದೆ: ಗದ್ದಲ ಮಾಡಿದರೆ ಹುದ್ದೆ ಸಿಗುತ್ತದೆ ಅಂತ ಉಳಿದವರು ಕಲಿಯುತ್ತಾರೆ, ಮತ್ತೆ ಅವನು ತನ್ನ ಗೆಳೆಯರ ಹೆಸರು ಬಿಟ್ಟು ಮುಂದಿನ ಬೆಂಚಿನವರ ಹೆಸರು ಬರೆಯುತ್ತಾನೆ. ಕೊಡುವುದಾದರೆ ಅಧಿಕಾರ ಇಲ್ಲದ, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸ ಕೊಡಿ. ನಕಾಶೆ ತಂದು ನೇತುಹಾಕುವುದು, ಪ್ರೊಜೆಕ್ಟರ್ ಜೋಡಿಸುವುದು. ಅದೂ ಗದ್ದಲ ಮಾಡಿದ ದಿನ ಅಲ್ಲ, ಮಾಡದ ದಿನ.

ಲೇತ್ ಮಾಸ್ತರ

ಹೆಸರು ಬರಿಯೂ ಕೆಲಸ ಯಾರಿಗೂ ಕೊಡಬ್ಯಾಡ್ರಿ, ಅದು ಖರೆ. ನಮ್ಮ ಕಡೆ ಟೂಲ್ ಎಣಿಕಿ ಕೊಡ್ತಾರ, ನಡೀತದ.

ಟ್ಯಾಲಿ ಮೇಡಂ

ಫೋನ್ ಬಗ್ಗೆ. ಮೊದಲ ಫೋನ್ ದೂರಿಗಾಗಿ ಇರಬಾರದು. ವರ್ಷದ ಮೊದಲ ತಿಂಗಳಲ್ಲಿ ಹಿಂದಿನ ಬೆಂಚಿನ ಹತ್ತು ಮಂದಿಯ ಮನೆಗೆ "ನಿಮ್ಮ ಮಗ ಇವತ್ತು ಚಲೋ ಉತ್ತರ ಹೇಳಿದ" ಅಂತ ಒಂದು ನಿಮಿಷದ ಕರೆ ಮಾಡಿಟ್ಟುಕೊಳ್ಳಿ. ಹೊಲ, ಕೂಲಿಗೆ ಹೋಗುವವರಿಗೆ ಹಗಲು ಮಾಡಬೇಡಿ, ಸಂಜೆ ಏಳರ ಮೇಲೆ ಮಾಡಿ. ದೂರು ಹೇಳುವ ದಿನ ಒಂದೇ ಘಟನೆ, ಒಂದೇ ಕೋರಿಕೆ: "ಕಾಕಾರ, ಈ ವಾರ ಮೊಬೈಲ್ ಮನ್ಯಾಗ ಇಟ್ಟು ಕಳಿಸ್ರಿ." ವರ್ಷದ ಎಲ್ಲ ಪುರಾಣ ತೆಗೆದರೆ ಅಪ್ಪ ರಾತ್ರಿ ಹೊಡೆಯುತ್ತಾನೆ, ಮರುದಿನ ಹುಡುಗ ನಿಮ್ಮ ಮೇಲೆ ತೀರಿಸಿಕೊಳ್ಳುತ್ತಾನೆ.

ಹುಡುಗಿಯರ ವಿಷಯದಲ್ಲಿ ಹತ್ತು ಸಲ ಯೋಚಿಸಿ. "ನಿಮ್ಮ ಮಗಳು ಹುಡುಗರ ಜೊತೆ ಮಾತಾಡ್ತಾಳೆ" ಅನ್ನುವ ಒಂದು ಕರೆಗೆ ಓದು ಬಿಡಿಸಿ ಲಗ್ನ ಗೊತ್ತು ಮಾಡುವ ಮನೆಗಳಿವೆ. ವರ್ಗದಲ್ಲಿ ಮಾತಾಡಿದ್ದಕ್ಕೆ ಅದು ಬೆಲೆಯೇ? ಹೇಳಬೇಕಾದದ್ದು ಇದ್ದರೆ ಅವಳಿಗೇ ಹೇಳಿ. ಲಗ್ನದ ಸುದ್ದಿ ಬಂದು ಅವಳಿಗೆ 18 ತುಂಬಿರದಿದ್ದರೆ 1098ಕ್ಕೆ ಕರೆ ಮಾಡಿ.

ಸೀಮೆಸುಣ್ಣ

ಇನ್ನೊಂದು ಬಿಟ್ಟುಹೋಗುತ್ತಿದೆ. ಗದ್ದಲದ ಹಿಂದೆ ಓದಲು ಬಾರದಿರುವುದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯು ವಿಜ್ಞಾನ ಏಕ್‌ದಂ ಇಂಗ್ಲಿಷ್. ಪ್ರಶ್ನೆ ಕೇಳಿದರೆ ಎಲ್ಲರ ಮುಂದೆ ದಡ್ಡ ಅನ್ನಿಸಿಕೊಳ್ಳುವ ಬದಲು ಜೋಕ್ ಹೊಡೆದು ಉಡಾಳ ಅನ್ನಿಸಿಕೊಳ್ಳುವುದು ಹುಡುಗನಿಗೆ ಮೇಲು. ಪತ್ತೆ ಹಚ್ಚಲು, ಪಠ್ಯದ ನೂರು ಪದದ ಒಂದು ಪ್ಯಾರಾ ಕೊಟ್ಟು ಒಬ್ಬನನ್ನೇ ಕೂರಿಸಿ ಓದಿಸಿ. ಹತ್ತಕ್ಕಿಂತ ಹೆಚ್ಚು ಪದಕ್ಕೆ ತಡವರಿಸಿದರೆ ಆ ಪುಸ್ತಕ ಅವನ ಕೈಗೆ ಮೀರಿದ್ದು. ಆಗ ಪಾಠಕ್ಕೆ ಹತ್ತು ಪಾರಿಭಾಷಿಕ ಪದ, ಎರಡೂ ಭಾಷೆಯಲ್ಲಿ, ಗೋಡೆ ಮೇಲೆ. ಇಂಥವನಿಗೆ ಕೇಳುವ ಪ್ರಶ್ನೆಯನ್ನು ಹಿಂದಿನ ದಿನವೇ ಗುಟ್ಟಾಗಿ ಹೇಳಿಟ್ಟು ಮರುದಿನ ಕೇಳಿ.

ಆಂತರಿಕ ಅಂಕಗಳನ್ನು ತೋರಿಸಿ ಹೆದರಿಸುವುದು ಬೇಡ. ಕಲಾ ವಿಷಯಕ್ಕೆ 80 ಲಿಖಿತ, 20 ಆಂತರಿಕ. ಆ 20 ಪರೀಕ್ಷೆ, ಯೋಜನೆಗೆ ಇರುವುದು, ನಡತೆಗಲ್ಲ. ಒಮ್ಮೆ ಹೆದರಿಸಿ ಆಮೇಲೆ ಕೊಟ್ಟರೆ ನಿಮ್ಮ ಮಾತು ಬಿತ್ತು, ಕೊಡದಿದ್ದರೆ ನೀವು ಉತ್ತರ ಹೇಳಬೇಕು.

ನಿವೃತ್ತ ಬೆತ್ತ

ಗುಟಕಾಕ್ಕ ಏನ್ ಮಾಡ್ತೀರಿ? ಬಾಯಿ ತುಂಬ ಹಾಕ್ಕೊಂಡು ಕುಂತಿರ್ತಾರ, ಕಿಡಕಿಯಿಂದ ಉಗುಳ್ತಾರ.

ಆರ್ಕ್ ನೀಲಿ

ಕಿಸೆ ತಡಕಬ್ಯಾಡ್ರಿ ಸರ್. ಬಾಯಿಂದ ಉತ್ತರ ಹೇಳೂ ಪ್ರಶ್ನಿ ಕೇಳ್ರಿ, ತುಂಬಿದ ಬಾಯಿ ತಾನ ಗೊತ್ತಾಗ್ತದ. ಬಾಯಿ ತೊಳಕೊಂಡು ಬಾ ಅಂತ ನಳಕ್ಕ ಕಳಿಸಿ, ಮೂರು ನಿಮಿಷದಾಗ ವಾಪಸ್. ರಾಜ್ಯದಾಗ ಗುಟಕಾ 2013ರಿಂದ ಬಂದ್ ಅದ, ಆದ್ರ ಪಾನ್ ಮಸಾಲಿ ಒಂದು ಚೀಟಿ, ತಂಬಾಕು ಒಂದು ಚೀಟಿ ಮಾಡಿ ಮಾರ್ತಾರ. 2003ರ ತಂಬಾಕು ಕಾಯ್ದೆ ಪ್ರಕಾರ ವಿದ್ಯಾಸಂಸ್ಥೆಯಿಂದ ನೂರು ಗಜದೊಳಗ ಮಾರಂಗಿಲ್ಲ. ಗೇಟಿನಿಂದ ಅಂಗಡಿಗೆ ಟೇಪ್ ಹಿಡದು ಅಳದು, ಅಳತಿ ಬರದು ಪ್ರಾಚಾರ್ಯರ ಸಹಿಯಿಂದ ಠಾಣೆಗೆ ಅರ್ಜಿ ಕೊಡ್ರಿ. ಬಿಡಬೇಕು ಅನ್ನೂ ಹುಡುಗಗ ತಂಬಾಕು ಬಿಡಿಸೂ ಸಹಾಯವಾಣಿ 1800-11-2356. ವೆಲ್ಡರ್ ಹುಡುಗೂರಿಗೆ ಇನ್ನೊಂದು ಹೇಳಬಹುದು, ಹೆಲ್ಮೆಟ್ ಒಳಗ ಉಗುಳಕ್ಕ ಜಾಗಿಲ್ಲ.

ಮುಂಡರಗಿ ಬಸ್

ಹೊಡೆದಾಟದ ಬಗ್ಗೆ ಒಂದು ಮಾತು. ಊರು ಊರಿನ ನಡುವೆ, ಗಣಪತಿ ಹಣದ್ದು, ಸಿನಿಮಾ ನಟರ ಅಭಿಮಾನದ್ದು, ಕಾರಣ ಏನೇ ಇರಲಿ, ಇಬ್ಬರ ನಡುವೆ ಹೋಗಿ ನಿಲ್ಲಬೇಡಿ. ಮೊದಲು ನೋಡುವ ಮಂದಿಯನ್ನು ಹೆಸರು ಹಿಡಿದು ಕಳಿಸಿ, ಅವರು ಹೋದರೆ ಹೊಡೆದಾಟದ ಅರ್ಧ ಕಾರಣ ಹೋಯಿತು. ಇಬ್ಬರು ಹುಡುಗರನ್ನು ಸಿಬ್ಬಂದಿ ಕರೆಯಲು ಓಡಿಸಿ. ಬೇರೆ ಮಾಡಿದ ಮೇಲೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಡಿ, ಬೇರೆ ಬೇರೆಯಾಗಿ ಬರೆಸಿಕೊಳ್ಳಿ, ಬೇರೆ ಬೇರೆ ಬಸ್ಸಿಗೆ ಬಿಡಿ. ಅದೇ ದಿನ ಕೈ ಕುಲುಕಿಸಿದರೆ ಉಳಿದದ್ದು ಬಸ್ ನಿಲ್ದಾಣದಲ್ಲಿ ನಡೆಯುತ್ತದೆ. ಮಾತುಕತೆ ಮರುದಿನ ಮಧ್ಯಾಹ್ನಕ್ಕೆ.

ಮತ್ತೆ, ಗದ್ದಲ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಮೌನವಾದರೆ, ಕೈ ಮೇಲೆ ಕೊಯ್ದ ಗೆರೆ ಕಂಡರೆ, ವಸ್ತು ಹಂಚಿ ಕೊಡಲು ಶುರು ಮಾಡಿದರೆ ಅದು ಶಿಸ್ತಿನ ವಿಷಯ ಅಲ್ಲ. ಒಬ್ಬನನ್ನೇ ಬಿಡಬೇಡಿ, ಅದೇ ದಿನ ಮನೆಯವರಿಗೆ ತಿಳಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಹೊಸ ಹಾಜರಿಪುಸ್ತಕ

ಸರಿ, ಈ ವಾರ ನಾಲ್ಕು ಕಾಲಂ ಹಾಳೆ ಮಾತ್ರ. ಮುಂದಿನ ವಾರ ಬೋರ್ಡಿನ ಪ್ರಶ್ನೆ ಮತ್ತು ಸೀಟಿನ ನಕ್ಷೆ ಒಟ್ಟಿಗೆ ಶುರು ಮಾಡಬಹುದಾ, ಒಂದೊಂದಾಗಿಯಾ?

ಸೀಮೆಸುಣ್ಣ

ಪ್ರಶ್ನೆ ಮೊದಲು, ನಕ್ಷೆ ಅದರ ಮುಂದಿನ ವಾರ. ಎರಡೂ ಒಂದೇ ದಿನ ತಂದರೆ ಸೀಟು ಬದಲಿಸಿದ ಸಿಟ್ಟಿಗೆ ಪ್ರಶ್ನೆಯನ್ನೂ ಬರೆಯುವುದಿಲ್ಲ. ಪ್ರಶ್ನೆಯ ಉತ್ತರ ನೋಡಲು ವಾರಕ್ಕೆ ಒಂದು ಸಾಲು ಬೆಂಚಿನವರ ನೋಟ್‌ಬುಕ್ ಮಾತ್ರ ತೆಗೆದುಕೊಳ್ಳಿ, 74ನ್ನೂ ದಿನಾ ತಿದ್ದಲು ಹೋದರೆ ನೀವೇ ಎರಡನೇ ವಾರಕ್ಕೆ ನಿಲ್ಲಿಸುತ್ತೀರಿ.

ಲೇತ್ ಮಾಸ್ತರ

ಹಾಳಿ ಹಾಜರಿಪುಸ್ತಕದಾಗ ಇಡಬ್ಯಾಡ್ರಿ, ಹುಡುಗೂರು ತಗದು ಓದ್ತಾರ. ಕಿಸೆದಾಗ ಇರಲಿ, ಹೆಸರಿನ ಜಾಗಾದಾಗ ಹಾಜರಿ ನಂಬರ್ ಬರೀರಿ.